ಹಳತೆಲ್ಲ ಹೊನ್ನೇ? ಸ್ಟಾರ್ ವಾರ್ಸ್ ಅಭಿಮಾನಿಗಳ ಅರ್ಧ ಶತಮಾನದ ವಾದ

2025ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಇಪ್ಪತ್ತು ವರ್ಷ ಹಳೆಯ ಸಿನಿಮಾವೊಂದು ಮತ್ತೆ ಬಂತು. ಹೆಸರು ‘ರಿವೆಂಜ್ ಆಫ್ ದ ಸಿತ್’. ಮನೆಯಲ್ಲೇ ಕೂತು ಯಾವಾಗ ಬೇಕಾದರೂ ನೋಡಬಹುದಾದ ಈ ಚಿತ್ರಕ್ಕೆ ಜನ ಟಿಕೆಟ್ ಕೊಂಡು ಬಂದರು. ಆ ವಾರಾಂತ್ಯದ ಗಳಿಕೆಯಲ್ಲಿ ಅದಕ್ಕೆ ಎರಡನೇ ಸ್ಥಾನ ಸಿಕ್ಕಿತು. 2005ರಲ್ಲಿ ಇದು ಮೊದಲ ಸಲ ತೆರೆಕಂಡಾಗಲೂ ದುಡ್ಡು ಬಂದಿತ್ತು, ಒಂದಷ್ಟು ವಿಮರ್ಶಕರು ಹೊಗಳಿಯೂ ಇದ್ದರು. ಆದರೆ ಹಳೆಯ ಅಭಿಮಾನಿಗಳಲ್ಲಿ ಬಹಳ ಮಂದಿ ಮುಖ ತಿರುಗಿಸಿದ್ದರು. ಆನಕಿನ್ ಪಾತ್ರ ಮಾಡಿದ ಹೇಡನ್ ಕ್ರಿಸ್ಟೆನ್ಸನ್‌ಗೆ ವರ್ಷದ ಅತಿ ಕಳಪೆ ಪೋಷಕ ನಟ ಎಂಬ ‘ಗೋಲ್ಡನ್ ರಾಸ್ಬೆರಿ’ಯನ್ನು ಎರಡನೇ ಬಾರಿ ಕೊಟ್ಟಿದ್ದರು. ಅದೇ ನಟ 2022ರಲ್ಲಿ ‘ಓಬಿ-ವಾನ್ ಕೆನೋಬಿ’ ಧಾರಾವಾಹಿಯ ಮೂಲಕ ಆ ಪಾತ್ರಕ್ಕೆ ಮರಳಿದಾಗ ಅಭಿಮಾನಿಗಳು ಮನೆಯ ಮಗನನ್ನು ಬರಮಾಡಿಕೊಂಡಂತೆ ಬರಮಾಡಿಕೊಂಡರು. ಚಿತ್ರ ಇದ್ದಂತೆಯೇ ಇದೆ. ನೋಡುವವರು ಬದಲಾಗಿದ್ದಾರೆ.

ಹಳೆಯ ಸ್ಟಾರ್ ವಾರ್ಸ್ ದೊಡ್ಡದೋ ಹೊಸದು ದೊಡ್ಡದೋ ಎಂಬ ವಾದಕ್ಕೆ ನಾಲ್ಕು ದಶಕಕ್ಕೂ ಮೀರಿದ ವಯಸ್ಸಾಗಿದೆ. ಸಿನಿಮಾ ಜಗತ್ತಿನಲ್ಲಿ ಇಷ್ಟು ದೀರ್ಘವಾಗಿ, ಇಷ್ಟು ಬಿಸಿಯಾಗಿ ನಡೆದ ಹೋಲಿಕೆ ಇನ್ನೊಂದು ನನಗೆ ಗೊತ್ತಿಲ್ಲ. ಇದನ್ನು ಬರೀ ಅಭಿಮಾನಿಗಳ ಜಗಳವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಒಂದು ಕಥೆಯನ್ನು ಮೂರು ತಲೆಮಾರು ಪ್ರೀತಿಸಿದಾಗ ಆ ಕಥೆ ಯಾರದ್ದು, ಅದನ್ನು ಬದಲಿಸುವ ಹಕ್ಕು ಯಾರಿಗೆ, ಒಳ್ಳೆಯ ಸಿನಿಮಾ ಎಂದು ತೀರ್ಮಾನಿಸುವುದು ಹೇಗೆ ಎಂಬ ಪ್ರಶ್ನೆಗಳೆಲ್ಲ ಈ ವಾದದೊಳಗೆ ಇವೆ.

ಪರಿಚಯವಿಲ್ಲದವರಿಗಾಗಿ ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಸ್ಕೈವಾಕರ್ ಮನೆತನದ ಮುಖ್ಯ ಕಥೆ ಒಂಬತ್ತು ಚಿತ್ರಗಳಲ್ಲಿ, ಮೂರು ತ್ರಿವಳಿಗಳಾಗಿ ಹರಡಿದೆ. 1977, 1980 ಮತ್ತು 1983ರಲ್ಲಿ ಬಂದ ಮೂರು ಚಿತ್ರಗಳು ಮೂಲ ತ್ರಿವಳಿ. ಇವುಗಳಲ್ಲಿ ಮಗ ಲ್ಯೂಕ್‌ನ ಕಥೆ ಇದೆ. 1999, 2002 ಮತ್ತು 2005ರ ಮೂರು ಚಿತ್ರಗಳು ಹಿಂದಕ್ಕೆ ಹೋಗಿ ಅವನ ತಂದೆ ಆನಕಿನ್ ಹೇಗೆ ಡಾರ್ತ್ ವೇಡರ್ ಎಂಬ ಕ್ರೂರಿಯಾದ ಎಂಬುದನ್ನು ಹೇಳುತ್ತವೆ. ಅಭಿಮಾನಿಗಳ ಬಾಯಲ್ಲಿ ಇವು ‘ಪ್ರೀಕ್ವೆಲ್’. 2015, 2017 ಮತ್ತು 2019ರ ‘ಸೀಕ್ವೆಲ್’ ತ್ರಿವಳಿ ಮುಂದಿನ ತಲೆಮಾರಿನದು. ಮೊದಲ ಆರು ಚಿತ್ರಗಳು ಜಾರ್ಜ್ ಲ್ಯೂಕಸ್‌ನ ಕೂಸುಗಳು. ಕೊನೆಯ ಮೂರನ್ನು ಮಾಡಿಸಿದ್ದು ಡಿಸ್ನಿ. ಇವುಗಳ ಜೊತೆಗೆ ‘ರೋಗ್ ಒನ್’ ಮತ್ತು ‘ಸೋಲೋ’ ಎಂಬ ಬಿಡಿ ಚಿತ್ರಗಳು, ಅನಿಮೇಷನ್ ಮತ್ತು ಒಟಿಟಿ ಸರಣಿಗಳು ಇವೆ.

1977ರ ಮೇ 25ರಂದು ಮೊದಲ ಚಿತ್ರ ಬಿಡುಗಡೆಯಾದದ್ದು ಅಮೆರಿಕದ ಬೆರಳೆಣಿಕೆಯ ಚಿತ್ರಮಂದಿರಗಳಲ್ಲಿ, ಮೂವತ್ತು ಚಿಲ್ಲರೆ ಕಡೆ ಅಷ್ಟೆ. ಖರ್ಚು ಸುಮಾರು 1.1 ಕೋಟಿ ಡಾಲರ್. ನಿರ್ಮಿಸಿದ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ಗೇ ಇದು ಓಡುತ್ತದೆಂಬ ಭರವಸೆ ಇರಲಿಲ್ಲ. ಲ್ಯೂಕಸ್ ‘ಫ್ಲ್ಯಾಶ್ ಗಾರ್ಡನ್’ ಸರಣಿಯ ಹಕ್ಕು ಕೇಳಿ, ಅದು ಸಿಗದೆ, ತನ್ನದೇ ಲೋಕ ಕಟ್ಟಲು ಹೊರಟವನು. ಅಕಿರ ಕುರೊಸಾವನ 1958ರ ‘ದ ಹಿಡನ್ ಫೋರ್ಟ್ರೆಸ್’ ಚಿತ್ರದ ಇಬ್ಬರು ರೈತರು ಇಲ್ಲಿ ಎರಡು ರೋಬೋಗಳಾದರು. ಕೌಬಾಯ್ ಸಿನಿಮಾ, ಎರಡನೇ ಮಹಾಯುದ್ಧದ ವಿಮಾನ ಕಾಳಗದ ಸಿನಿಮಾ, ಜೋಸೆಫ್ ಕ್ಯಾಂಬೆಲ್‌ನ ಪುರಾಣ ವಿಶ್ಲೇಷಣೆ ಎಲ್ಲವೂ ಒಂದೇ ಪಾಕದಲ್ಲಿ ಬೆರೆತವು. ‘ಹಳೆಯದು ಸ್ವಂತದ್ದು, ಹೊಸದು ನಕಲು’ ಎನ್ನುವವರು ಇದನ್ನು ನೆನಪಿಡಬೇಕು. ಮೊದಲ ಚಿತ್ರವೂ ಸಾಲ ತಂದ ಸಾಮಗ್ರಿಯಿಂದಲೇ ಕಟ್ಟಿದ್ದು. ಕಟ್ಟಿದ ಬಗೆ ಮಾತ್ರ ಅದರದ್ದೇ.

ಅದನ್ನು ಹತ್ತಿರದಿಂದ ನೋಡಬೇಕೆಂದರೆ ಮೊದಲ ದೃಶ್ಯವೇ ಸಾಕು. ಪುಟ್ಟ ಹಡಗೊಂದು ಓಡುತ್ತಿದೆ. ಅದರ ಬೆನ್ನಿಗೆ ತೆರೆಯ ಮೇಲಂಚಿನಿಂದ ಸಾಮ್ರಾಜ್ಯದ ಯುದ್ಧನೌಕೆ ಬರತೊಡಗುತ್ತದೆ, ಬರುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ. ಯಾರು ಬಲಶಾಲಿ, ಯಾರು ಅಸಹಾಯಕ ಎಂಬುದು ಒಂದೂ ಮಾತಿಲ್ಲದೆ ತಿಳಿದುಬಿಡುತ್ತದೆ. ಆ ದೈತ್ಯ ನೌಕೆಯ ಮಾದರಿ ಇದ್ದದ್ದು ಸುಮಾರು ಮೂರು ಅಡಿ. ಓಡುತ್ತಿರುವ ಪುಟ್ಟ ಹಡಗಿನ ಮಾದರಿಯೇ ಅದಕ್ಕಿಂತ ದೊಡ್ಡದಿತ್ತು! ಜಾನ್ ಡೈಕ್‌ಸ್ಟ್ರಾ ಮತ್ತು ಸಂಗಡಿಗರು ಕಂಪ್ಯೂಟರ್ ನಿಯಂತ್ರಣದ ಕ್ಯಾಮೆರಾ ವ್ಯವಸ್ಥೆಯೊಂದನ್ನು ತಾವೇ ಕಟ್ಟಿದರು. ನಿಂತ ಮಾದರಿಯ ಸುತ್ತ ಅದು ಒಂದೇ ಚಲನೆಯನ್ನು ಎಷ್ಟು ಸಲ ಬೇಕಾದರೂ ಕೂದಲೆಳೆಯಷ್ಟೂ ತಪ್ಪದೆ ಮಾಡುತ್ತಿತ್ತು. ಇದಕ್ಕಾಗಿ 1975ರಲ್ಲಿ ಗೋದಾಮೊಂದರಲ್ಲಿ ಶುರುವಾದ ಸಂಸ್ಥೆಯೇ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್. ಶಬ್ದದ ಕೆಲಸವೂ ಹೀಗೆಯೇ. ಬೆಳಕಿನ ಕತ್ತಿ ‘ಲೈಟ್‌ಸೇಬರ್’ನ ಗುಂಯ್ ಎನ್ನುವ ಸದ್ದು ಹಳೆಯ ಪ್ರೊಜೆಕ್ಟರ್ ಮೋಟಾರಿನದ್ದೂ ಟಿವಿಯ ಪಿಕ್ಚರ್ ಟ್ಯೂಬಿನದ್ದೂ ಸೇರಿದ್ದು. ಶತ್ರು ವಿಮಾನದ ಕಿರುಚಾಟದಲ್ಲಿ ಆನೆಯ ಘೀಳು ಇದೆ, ಒದ್ದೆ ರಸ್ತೆಯಲ್ಲಿ ಓಡುವ ಕಾರಿನ ಸದ್ದೂ ಇದೆ. ಬೆನ್ ಬರ್ಟ್ ಎಂಬ ಶಬ್ದಗ್ರಾಹಕ ಊರೂರು ತಿರುಗಿ ಸದ್ದು ಕೂಡಿಟ್ಟುಕೊಂಡು ಬಂದಿದ್ದ. ಆ ಲೋಕ ಇಂದಿಗೂ ನಿಜವೆನ್ನಿಸಲು ಇಂಥ ಕೈಕೆಲಸವೇ ಕಾರಣ ಎಂದು ಹಳೆಯ ಚಿತ್ರಗಳ ಪಕ್ಷಪಾತಿಗಳು ಹೇಳಿದರೆ ಅದಕ್ಕೆ ಎದುರು ಹೇಳುವುದು ಕಷ್ಟ.

ಇನ್ನೊಂದು ಮಾತನ್ನೂ ಅವರು ಹೇಳಬಹುದಿತ್ತು. ಅದು ಒಬ್ಬನ ಚಿತ್ರವಾಗಿರಲಿಲ್ಲ. ಮೊದಲ ಸಂಕಲನಕಾರನ ಕೆಲಸ ಒಗ್ಗದೆ ಬೇರೆಯವರನ್ನು ತಂದರು. ಲ್ಯೂಕಸ್‌ನ ಆಗಿನ ಪತ್ನಿ ಮಾರ್ಸಿಯಾ ಲ್ಯೂಕಸ್, ಪಾಲ್ ಹರ್ಷ್ ಮತ್ತು ರಿಚರ್ಡ್ ಚ್ಯೂ ಸೇರಿ ಕಟ್ಟಿದ ಸಂಕಲನಕ್ಕೆ ಆಸ್ಕರ್ ಬಂತು. ಕೊನೆಯ ಕಾಳಗದ ಬಿಗಿಯ ಹಿಂದೆ ಮಾರ್ಸಿಯಾಳ ದೊಡ್ಡ ದುಡಿಮೆ ಇದೆ. ಜಾನ್ ವಿಲಿಯಮ್ಸ್ ಲಂಡನ್ ಸಿಂಫನಿ ಆರ್ಕೆಸ್ಟ್ರಾದಿಂದ ನುಡಿಸಿದ ಸಂಗೀತವನ್ನು ತೆಗೆದುಬಿಟ್ಟರೆ ಅರ್ಧ ಚಿತ್ರವೇ ಹೋಯಿತು.

1980ರ ‘ದ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರವನ್ನು ಲ್ಯೂಕಸ್ ನಿರ್ದೇಶಿಸಲಿಲ್ಲ. ತನಗೆ ಚಿತ್ರಶಾಲೆಯಲ್ಲಿ ಪಾಠ ಹೇಳಿದ್ದ ಅರ್ವಿನ್ ಕೆರ್ಶ್ನರ್ ಕೈಗೆ ಕೊಟ್ಟ. ಲೀ ಬ್ರ್ಯಾಕೆಟ್ ಮೊದಲ ಕರಡು ಬರೆದು ತೀರಿಕೊಂಡರು, ಲಾರೆನ್ಸ್ ಕ್ಯಾಸ್ಡನ್ ಮುಗಿಸಿದರು. ಇಂದು ಹಲವು ಪಟ್ಟಿಗಳಲ್ಲಿ ಮೊದಲ ಸ್ಥಾನದಲ್ಲಿ ನಿಲ್ಲುವ ಈ ಚಿತ್ರಕ್ಕೆ ಅಂದು ಸಿಕ್ಕಿದ್ದು ಮಿಶ್ರ ಸ್ವಾಗತ. ಕಥೆ ಅರ್ಧಕ್ಕೇ ನಿಂತಿದೆ, ಮೊದಲ ಚಿತ್ರದ ಲವಲವಿಕೆ ಇಲ್ಲ ಎಂದರು. 1983ರ ‘ರಿಟರ್ನ್ ಆಫ್ ದ ಜೆಡೈ’ ಬಂದಾಗ ದೂರು ಇನ್ನೂ ಹೆಚ್ಚಿತು. ಇವಾಕ್ ಎಂಬ ಕರಡಿಮರಿಯಂಥ ಜೀವಿಗಳು ಸಾಮ್ರಾಜ್ಯದ ಸೈನ್ಯವನ್ನು ಸೋಲಿಸುವುದು ಮಕ್ಕಳಾಟವೆನ್ನಿಸಿತು. ಮೊದಲ ಚಿತ್ರದಲ್ಲಿ ಸ್ಫೋಟಿಸಿದ ‘ಡೆತ್ ಸ್ಟಾರ್’ ಎಂಬ ಗೋಳವನ್ನೇ ಮತ್ತೊಮ್ಮೆ ಕಟ್ಟಿ ಮತ್ತೊಮ್ಮೆ ಸ್ಫೋಟಿಸಿದ್ದು ಕಥೆಯ ಬಡತನವೆನ್ನಿಸಿತು. 2015ರ ಚಿತ್ರದ ಮೇಲೆ ಹೊರಿಸಿದ ಆರೋಪವೂ ಇದೇ. ಎಂದರೆ ಹಳೆಯದೇ ಚೆಂದ ಎಂಬ ಮಾತು ಮೂಲ ತ್ರಿವಳಿ ಮುಗಿಯುವ ಮೊದಲೇ ಹುಟ್ಟಿತ್ತು.

ಇಲ್ಲಿ ತೊಡಕೊಂದು ಬರುತ್ತದೆ. ಹಳೆಯದು ಎಂದು ನಾವು ಹೋಲಿಕೆಗೆ ಇಟ್ಟುಕೊಳ್ಳುವ ಚಿತ್ರ ಯಾವುದು? 1997ರಲ್ಲಿ ಲ್ಯೂಕಸ್ ಮೂರೂ ಚಿತ್ರಗಳನ್ನು ತಿದ್ದಿ ‘ಸ್ಪೆಷಲ್ ಎಡಿಷನ್’ ಎಂದು ಬಿಡುಗಡೆ ಮಾಡಿದ. ತಾಂತ್ರಿಕ ಮಿತಿಯಿಂದ ಅಂದು ತನಗೆ ಬೇಕಾದಂತೆ ಮಾಡಲಾಗಲಿಲ್ಲ, ಈಗ ಪೂರ್ತಿಗೊಳಿಸಿದ್ದೇನೆ ಎಂಬುದು ಅವನ ಸಮರ್ಥನೆ. ಮೊದಲ ಚಿತ್ರದಲ್ಲಿ ಹ್ಯಾನ್ ಸೋಲೋ ಎಂಬ ಕಳ್ಳಸಾಗಣೆಗಾರ ಮದ್ಯದಂಗಡಿಯಲ್ಲಿ ಗ್ರೀಡೋ ಎಂಬ ಬೇಟೆಗಾರನ ಎದುರು ಕೂತಿದ್ದಾನೆ. ಮಾತಾಡುತ್ತಲೇ ಮೇಜಿನ ಕೆಳಗೆ ಪಿಸ್ತೂಲು ಸಜ್ಜು ಮಾಡಿಕೊಂಡು ಗುಂಡು ಹಾರಿಸುತ್ತಾನೆ. ಹೊಗೆಯೊಳಗೆ ಗ್ರೀಡೋ ಮುಗಿದ. ಹ್ಯಾನ್ ಎದ್ದು ಹೋಗುವಾಗ ಅಂಗಡಿಯವನಿಗೆ ಒಂದು ನಾಣ್ಯ ಎಸೆಯುತ್ತಾನೆ. ಅಷ್ಟರಲ್ಲಿ ಅವನ ಇಡೀ ಜಾತಕ ನಮಗೆ ಸಿಕ್ಕಿತು. ತನ್ನ ಪ್ರಾಣವನ್ನಷ್ಟೇ ನೋಡಿಕೊಳ್ಳುವ ಈ ಮನುಷ್ಯ ಕೊನೆಯಲ್ಲಿ ಬೇರೆಯವರಿಗಾಗಿ ಹಿಂತಿರುಗಿ ಬರುತ್ತಾನೆಂಬುದೇ ಚಿತ್ರದ ದೊಡ್ಡ ಸುಖ. 1997ರ ಪ್ರತಿಯಲ್ಲಿ ಗ್ರೀಡೋನೇ ಮೊದಲು ಗುಂಡು ಹಾರಿಸುತ್ತಾನೆ. ಕೈಯಳತೆಯ ದೂರದಲ್ಲಿ ಗುರಿ ತಪ್ಪುತ್ತಾನೆ. ಹ್ಯಾನ್‌ನ ತಲೆಯನ್ನು ಕಂಪ್ಯೂಟರ್‌ನಲ್ಲಿ ಪಕ್ಕಕ್ಕೆ ಎಳೆದಿದ್ದಾರೆ. ನಾಯಕ ಸಭ್ಯನಾದ, ಅವನ ಮುಂದಿನ ಪರಿವರ್ತನೆಗೆ ತೂಕವೇ ಇಲ್ಲವಾಯಿತು. 2004ರ ಡಿವಿಡಿಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೆ ಗುಂಡು ಹಾರಿಸಿದರು. 2019ರಲ್ಲಿ ಒಟಿಟಿಗೆ ಬರುವಾಗ ಈ ದೃಶ್ಯ ಇನ್ನೊಮ್ಮೆ ಬದಲಾಯಿತು. ‘ಜೆಡೈ’ ಚಿತ್ರದ ಕೊನೆಗೆ ಆನಕಿನ್‌ನ ಆತ್ಮವಾಗಿ ಕಾಣಿಸಿಕೊಳ್ಳುತ್ತಿದ್ದ ಹಿರಿಯ ನಟ ಸೆಬಾಸ್ಟಿಯನ್ ಶಾ ಜಾಗದಲ್ಲಿ ತರುಣ ಕ್ರಿಸ್ಟೆನ್ಸನ್ ಬಂದು ನಿಂತ.

ತನ್ನ ಚಿತ್ರವನ್ನು ತಿದ್ದುವ ಹಕ್ಕು ಕಲಾವಿದನಿಗೆ ಇದೆ ಎಂದು ನಾನೂ ಒಪ್ಪುತ್ತೇನೆ. ತಿದ್ದಿದ್ದನ್ನು ಇಟ್ಟು ಮೊದಲಿನದನ್ನು ಅಡಗಿಸಿದ್ದನ್ನು ಮಾತ್ರ ಒಪ್ಪಲಾರೆ. ಇದೇ ಲ್ಯೂಕಸ್ 1988ರಲ್ಲಿ ಅಮೆರಿಕದ ಕಾಂಗ್ರೆಸ್ ಎದುರು ನಿಂತು, ಹಳೆಯ ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಹಚ್ಚುವ ಕಂಪನಿಗಳ ವಿರುದ್ಧ, ಸಿನಿಮಾ ಒಂದು ಜನಾಂಗದ ಸಾಂಸ್ಕೃತಿಕ ಆಸ್ತಿಯೆಂದು ವಾದಿಸಿದ್ದ. ಮರುವರ್ಷವೇ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಆರಿಸಿದ ಮೊದಲ 25 ಚಿತ್ರಗಳಲ್ಲಿ 1977ರ ಸ್ಟಾರ್ ವಾರ್ಸ್ ಇತ್ತು. ಆ ಪ್ರತಿ ಜನರಿಗೆ ಸರಿಯಾಗಿ ಸಿಕ್ಕಿಲ್ಲ. 2006ರಲ್ಲಿ ಡಿವಿಡಿಯ ಜೊತೆಗೆ ಹಳೆಯ ಲೇಸರ್‌ಡಿಸ್ಕ್ ಗುಣಮಟ್ಟದ ಪ್ರತಿಯೊಂದನ್ನು ಹೆಚ್ಚುವರಿಯಾಗಿ ಕೊಟ್ಟರು, ಅಷ್ಟೆ. ಅಭಿಮಾನಿಗಳೇ ಹಳೆಯ ರೀಲುಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಗೀರು ಒರೆಸಿ ಮೂಲ ಚಿತ್ರವನ್ನು ಉಳಿಸಿಕೊಂಡಿದ್ದಾರೆ. ಇಂದಿನ ಇಪ್ಪತ್ತರ ಹುಡುಗಿ ಹಳೆಯ ಸ್ಟಾರ್ ವಾರ್ಸ್ ನೋಡಿದೆ ಎಂದರೆ ಅವಳು ನೋಡಿದ್ದು 1977, 1997, 2004, 2011 ಮತ್ತು 2019ರ ಪದರಗಳು ಒಂದರ ಮೇಲೊಂದು ಕೂತ ಚಿತ್ರವನ್ನು. ಅವಳೂ ಅವಳ ತಂದೆಯೂ ವಾದಕ್ಕೆ ಕೂತರೆ ಇಬ್ಬರ ಮನಸ್ಸಿನಲ್ಲಿ ಇರುವುದು ಬೇರೆ ಬೇರೆ ಸಿನಿಮಾ.

ಈಗ 1999. ಹದಿನಾರು ವರ್ಷ ಕಾದಿದ್ದ ಜನ ‘ದ ಫ್ಯಾಂಟಮ್ ಮೆನೆಸ್’ನ ಟ್ರೇಲರ್ ನೋಡಲೆಂದೇ ಬೇರೆ ಸಿನಿಮಾಗಳಿಗೆ ಟಿಕೆಟ್ ತೆಗೆದು, ಟ್ರೇಲರ್ ಮುಗಿದ ಕೂಡಲೇ ಎದ್ದು ಹೋಗುತ್ತಿದ್ದರು. ಆ ಪರಿಯ ನಿರೀಕ್ಷೆಯನ್ನು ಯಾವ ಚಿತ್ರವೂ ತುಂಬಲಾರದಿತ್ತು. ವ್ಯಾಪಾರದ ತೆರಿಗೆ, ಸೆನೆಟ್ ಸಭೆ, ಒಂದು ಚಿಕ್ಕ ಹುಡುಗ, ಜಾರ್ ಜಾರ್ ಬಿಂಕ್ಸ್ ಎಂಬ ಕೋಡಂಗಿ ಇವೆಲ್ಲ ಅವರು ಕಾದದ್ದಲ್ಲ. ಬ್ರಹ್ಮಾಂಡವನ್ನು ಹಿಡಿದಿಟ್ಟ ‘ಫೋರ್ಸ್’ ಎಂಬ ಶಕ್ತಿಯನ್ನು ರಕ್ತದೊಳಗಿನ ಸೂಕ್ಷ್ಮಜೀವಿಗಳ ಎಣಿಕೆಗೆ ಇಳಿಸಿದ್ದು ಹಲವರಿಗೆ ಇಂದಿಗೂ ನುಂಗಲಾಗದ ತುತ್ತು.

ಪ್ರೀಕ್ವೆಲ್‌ಗಳ ಮೇಲಿನ ದೂರುಗಳಲ್ಲಿ ಕೆಲವು ನಿಜ, ಕೆಲವು ಸುಳ್ಳು. ಸಂಭಾಷಣೆ ಮರಗಟ್ಟಿದೆ ಎಂಬುದು ನಿಜ. 2002ರ ಚಿತ್ರದ ಪ್ರೇಮ ದೃಶ್ಯಗಳಲ್ಲಿ ನಟಾಲಿ ಪೋರ್ಟ್‌ಮನ್‌ರಂಥ ನಟಿಗೂ ಆಡಲು ಒಂದು ಜೀವಂತ ಮಾತಿಲ್ಲ. ಕಥೆ, ನಿರ್ದೇಶನ, ಹಣ ಎಲ್ಲ ಒಬ್ಬನದ್ದೇ ಆದಾಗ ‘ಇದು ಸರಿಯಿಲ್ಲ’ ಎನ್ನುವವರು ಹತ್ತಿರ ಇರಲಿಲ್ಲವೆಂಬುದು ತೆರೆಯ ಮೇಲೆಯೇ ಕಾಣುತ್ತದೆ. ಆದರೆ ‘ಎಲ್ಲವೂ ಕಂಪ್ಯೂಟರ್’ ಎಂಬ ದೂರು ಅರ್ಧ ಸುಳ್ಳು. 1999ರ ಚಿತ್ರಕ್ಕೆ ಕಟ್ಟಿದ ಮಾದರಿಗಳಿಗೆ ಲೆಕ್ಕವಿಲ್ಲ. ಅದರ ರಥ ಓಟದಂಥ ರೇಸಿನ ದೃಶ್ಯದಲ್ಲಿ ಕ್ರೀಡಾಂಗಣ ತುಂಬ ಜನ ಕೂತಿರುವುದು ಕಾಣುತ್ತದಲ್ಲ, ಮಾದರಿ ಕ್ರೀಡಾಂಗಣದಲ್ಲಿ ಆ ಜನಸ್ತೋಮವಾಗಿ ನೆಟ್ಟಿದ್ದು ಬಣ್ಣ ಬಳಿದ ಕಿವಿ ಒರೆಸುವ ಹತ್ತಿಕಡ್ಡಿಗಳನ್ನು. ಕೆಳಗಿನಿಂದ ಗಾಳಿ ಬಿಟ್ಟಾಗ ಅವು ಅಲುಗಾಡಿ, ಜನ ಕುಣಿದಂತೆ ಕಂಡಿತು. ಮೂರು ಅಡಿ ನೌಕೆಯ ಬುದ್ಧಿಯೇ ಇಲ್ಲೂ ಕೆಲಸ ಮಾಡಿದೆ. 2002ರ ಚಿತ್ರ ಪೂರ್ತಿ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದದ್ದು. ಅದರ ಚಿತ್ರಿಕೆಗಳು ಇಂದು ಸಪ್ಪೆಯೆನ್ನಿಸಿದರೂ, ನಂತರದ ಕಾಲು ಶತಮಾನದ ಸಿನಿಮಾ, ನಮ್ಮ ಕನ್ನಡ ಸಿನಿಮಾವೂ ಸೇರಿ, ನಡೆದದ್ದು ಆ ಡಿಜಿಟಲ್ ದಾರಿಯಲ್ಲೇ.

ಆ ತ್ರಿವಳಿಯ ಕಥೆಯ ಬೆನ್ನೆಲುಬು ಗಟ್ಟಿ. ಗಣರಾಜ್ಯವೊಂದು ಹೊರಗಿನ ಶತ್ರುವಿಗೆ ಸೋಲದೆ, ತನ್ನ ಭಯಕ್ಕೇ ಸೋತು, ಕಾನೂನುಬದ್ಧವಾಗಿಯೇ ಸರ್ವಾಧಿಕಾರಿಯ ಕೈಗೆ ಹೋಗುತ್ತದೆ. ಆ ಸರ್ವಾಧಿಕಾರಿ ಪಾಲ್ಪಟೀನ್ ತುರ್ತು ಅಧಿಕಾರವನ್ನು ಕಸಿದುಕೊಳ್ಳುವುದಿಲ್ಲ, ಸೆನೆಟ್ ತಾನೇ ಕೊಡುತ್ತದೆ. ಕೊನೆಗೆ ಅವನು ಸಾಮ್ರಾಜ್ಯ ಘೋಷಿಸಿದಾಗ ಸದಸ್ಯರು ಎದ್ದು ಚಪ್ಪಾಳೆ ಹೊಡೆಯುತ್ತಾರೆ. ಮಕ್ಕಳ ಸಿನಿಮಾದಲ್ಲಿ ಇದನ್ನು ಹೇಳಲು ಧೈರ್ಯ ಬೇಕಿತ್ತು. ತುರ್ತು ಪರಿಸ್ಥಿತಿಯ ನೆನಪಿರುವ ದೇಶದವರಾದ ನಮಗೆ ಆ ದೃಶ್ಯ ಅನ್ಯಲೋಕದ್ದೆಂದು ಅನ್ನಿಸುವುದಿಲ್ಲ. ಸಂಗೀತವಂತೂ ಮೊದಲ ತ್ರಿವಳಿಗೆ ಹೆಗಲೆಣೆ. 1999ರ ಚಿತ್ರದ ಕೊನೆಯ ಕತ್ತಿವರಸೆಯ ಹಿಂದೆ ಮೊಳಗುವ ‘ಡ್ಯುಯೆಲ್ ಆಫ್ ದ ಫೇಟ್ಸ್’ ವೃಂದಗಾನದ ಪದಗಳು ಸಂಸ್ಕೃತದವು. ಪ್ರಾಚೀನ ವೇಲ್ಸ್ ಕಾವ್ಯವೊಂದರ ಸಾಲನ್ನು ವಿಲಿಯಮ್ಸ್ ಸಂಸ್ಕೃತಕ್ಕೆ ಮಾಡಿಸಿ, ಅದರ ನಾದಕ್ಕಾಗಿ ಬಳಸಿಕೊಂಡರು. ಉಚ್ಚಾರ ಪಾಶ್ಚಾತ್ಯ ಗಾಯಕರದ್ದಾದ್ದರಿಂದ ನಮ್ಮ ಕಿವಿಗೂ ತಕ್ಷಣ ಸಿಕ್ಕುವುದಿಲ್ಲ.

ಪ್ರೀಕ್ವೆಲ್‌ಗಳ ಮರ್ಯಾದೆ ಮರಳಿದ್ದಕ್ಕೆ ಎರಡು ಕಾರಣ. ಒಂದು, ಅವುಗಳನ್ನು ಎಂಟು-ಹತ್ತು ವಯಸ್ಸಿನಲ್ಲಿ ನೋಡಿದ ಮಕ್ಕಳು ದೊಡ್ಡವರಾದರು. ನಮ್ಮಲ್ಲೂ ನನ್ನ ಪರಿಚಯದ ಎಷ್ಟೋ ಜನರಿಗೆ ಸ್ಟಾರ್ ವಾರ್ಸ್ ಎಂದರೆ ಮೊದಲು ಕಂಡದ್ದು ಇವೇ. ವೇಡರ್ ಯಾರೆಂಬ ಗುಟ್ಟು ಅವರಿಗೆ ಗುಟ್ಟಾಗಿಯೇ ಇರಲಿಲ್ಲ. ಎರಡು, 2008ರಲ್ಲಿ ಶುರುವಾದ ‘ದ ಕ್ಲೋನ್ ವಾರ್ಸ್’ ಅನಿಮೇಷನ್ ಸರಣಿ. ಡೇವ್ ಫಿಲೋನಿ ಅಲ್ಲಿ ಆನಕಿನ್‌ಗೆ ಅಸೋಕಾ ಎಂಬ ಶಿಷ್ಯೆಯನ್ನು ಕೊಟ್ಟ, ಸಿನಿಮಾಗಳಲ್ಲಿ ಇಲ್ಲದ ನಗುವನ್ನೂ ಗೆಳೆತನವನ್ನೂ ಕೊಟ್ಟ. ಅದನ್ನು ನೋಡಿ ಬಂದವರಿಗೆ 2005ರ ಚಿತ್ರದಲ್ಲಿ ಆನಕಿನ್ ಬೀಳುವುದು ನಿಜಕ್ಕೂ ನೋವು ಕೊಡುತ್ತದೆ. ಹಾಗಾದರೆ ಆ ನೋವು ಚಿತ್ರದ ಗುಣವೋ ಸರಣಿಯ ಗುಣವೋ? ನನ್ನ ಮಟ್ಟಿಗೆ ಬಹುಪಾಲು ಸರಣಿಯದ್ದು.

ಈ ಮರುಮೌಲ್ಯಮಾಪನ ತಡವಾಗಿ ಬಂದದ್ದರಿಂದ ಇಬ್ಬರು ಬಹಳ ನೊಂದರು. ಪುಟ್ಟ ಆನಕಿನ್ ಆಗಿದ್ದ ಜೇಕ್ ಲಾಯ್ಡ್‌ಗೆ ಶಾಲೆಯಲ್ಲಿ ಸಹಪಾಠಿಗಳ ಕಾಟ ಸಾಕಾಗಿಹೋಯಿತು. ಅವನು ನಟನೆಯನ್ನೇ ಬಿಟ್ಟ. ಜಾರ್ ಜಾರ್ ಆಗಿದ್ದ ಅಹ್ಮದ್ ಬೆಸ್ಟ್ ಸಿನಿಮಾದ ಮೊದಲ ಪೂರ್ಣ ಡಿಜಿಟಲ್ ಮುಖ್ಯಪಾತ್ರಗಳಲ್ಲೊಂದಕ್ಕೆ ಜೀವ ತುಂಬಿದ ಕಲಾವಿದ. ಆಗಿನ ಗೇಲಿಯಿಂದ ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೆ ಹೋಗಿದ್ದೆ ಎಂದು ಅವನು ಹೇಳಿಕೊಂಡದ್ದು 2018ರಲ್ಲಿ. 2023ರಲ್ಲಿ ‘ದ ಮ್ಯಾಂಡಲೋರಿಯನ್’ ಸರಣಿಯಲ್ಲಿ ಅವನೇ ಜೆಡೈ ಯೋಧನಾಗಿ ಬಂದು ಮಗುವೊಂದನ್ನು ಕಾಪಾಡಿದಾಗ ಅಭಿಮಾನಿಗಳು ಸಂಭ್ರಮಿಸಿದರು. ಪಾತ್ರ ಇಷ್ಟವಾಗದಿದ್ದರೆ ಬರೆದವನನ್ನು ಕೇಳಬೇಕು. ನಟನನ್ನು, ಅದರಲ್ಲೂ ಮಗುವನ್ನು, ಬೇಟೆಯಾಡುವುದಕ್ಕೆ ವಿಮರ್ಶೆಯೆಂಬ ಹೆಸರಿಲ್ಲ.

2012ರ ಅಕ್ಟೋಬರ್‌ನಲ್ಲಿ ಡಿಸ್ನಿ ಸುಮಾರು 405 ಕೋಟಿ ಡಾಲರ್ ಕೊಟ್ಟು ಲ್ಯೂಕಸ್‌ಫಿಲ್ಮ್ ಕೊಂಡಿತು. ಮುಂದಿನ ಜಗಳದ ಬೀಜವೊಂದು 2014ರಲ್ಲಿ ಬಿತ್ತು. ಅದರ ಬಗ್ಗೆ ಮಾತಾಡುವವರು ಕಡಿಮೆ. 1991ರಲ್ಲಿ ತಿಮೊತಿ ಜಾನ್ ಬರೆದ ಕಾದಂಬರಿಯಿಂದ ಹಿಡಿದು ಎರಡು ದಶಕ ಕಾಲ ಲ್ಯೂಕ್, ರಾಜಕುಮಾರಿ ಲಿಯಾ, ಹ್ಯಾನ್‌ರ ಮುಂದಿನ ಬಾಳನ್ನು ನೂರಾರು ಪುಸ್ತಕಗಳು ಬೆಳೆಸಿದ್ದವು. ಅಲ್ಲಿ ಲ್ಯೂಕ್ ಮದುವೆಯಾಗಿದ್ದ, ಜೆಡೈ ಪರಂಪರೆಯನ್ನು ಮತ್ತೆ ಕಟ್ಟಿದ್ದ. ಇವೆಲ್ಲ ಇನ್ನು ‘ಲೆಜೆಂಡ್ಸ್’, ಅಧಿಕೃತ ಕಥೆಯಲ್ಲ ಎಂದು ಕಂಪನಿ ಘೋಷಿಸಿತು. ಹೊಸ ಚಿತ್ರಗಳಿಗೆ ಬಯಲು ಬೇಕಿತ್ತು, ಸರಿ. ಆದರೆ ಓದುಗರ ಮನಸ್ಸಿನಲ್ಲಿ ಆಗಲೇ ಒಂದು ಮುಂದುವರಿಕೆ ಇತ್ತು. ತೆರೆಯ ಮೇಲೆ ಬಂದ ಒಂಟಿ, ಸೋತ ಲ್ಯೂಕ್ ಹೋಲಿಕೆಗೆ ನಿಲ್ಲಬೇಕಾದದ್ದು ಹಳೆಯ ಸಿನಿಮಾದ ಲ್ಯೂಕ್ ಎದುರಿಗಷ್ಟೇ ಅಲ್ಲ, ಆ ಪುಸ್ತಕಗಳ ಲ್ಯೂಕ್ ಎದುರಿಗೂ.

2015ರ ‘ದ ಫೋರ್ಸ್ ಅವೇಕನ್ಸ್’ ಅಮೆರಿಕವೊಂದರಲ್ಲೇ 93 ಕೋಟಿ ಡಾಲರ್ ಮೀರಿ ಗಳಿಸಿತು. ಡೇಯ್ಸಿ ರಿಡ್ಲಿ, ಜಾನ್ ಬೊಯೇಗಾ, ಆಡಮ್ ಡ್ರೈವರ್ ಮೂವರೂ ತೆರೆಗೆ ಬಂದ ಗಳಿಗೆಯಿಂದ ಮನಸ್ಸು ಹಿಡಿಯುತ್ತಾರೆ. ನಟನೆಯ ಮಟ್ಟದಲ್ಲಿ ಹೊಸ ತ್ರಿವಳಿ ಮೂರರಲ್ಲಿ ಮೊದಲನೆಯದೆಂದು ನಾನು ಹಿಂಜರಿಯದೆ ಹೇಳುತ್ತೇನೆ. ಮರುಭೂಮಿಯಲ್ಲಿ ಗುಜರಿ ಹೆಕ್ಕುವ ರೇ ಎಂಬ ಹುಡುಗಿಯ ಕೈಗೆ ಲೈಟ್‌ಸೇಬರ್ ಬಂದದ್ದು ಸಣ್ಣ ವಿಷಯವಲ್ಲ. 1977ರ ಚಿತ್ರದಲ್ಲಿ ಲಿಯಾ ಮತ್ತು ಲ್ಯೂಕ್‌ನ ಚಿಕ್ಕಮ್ಮನನ್ನು ಬಿಟ್ಟರೆ ಮಾತಾಡುವ ಹೆಂಗಸೇ ಇಲ್ಲವೆನ್ನಬೇಕು. ಆದರೆ ಮರುಭೂಮಿ, ರೋಬೋದೊಳಗಿನ ಗುಟ್ಟು, ಮದ್ಯದಂಗಡಿ, ಸಾಯುವ ಗುರು, ಗ್ರಹ ಸುಡುವ ಆಯುಧ ಎಂದು ಮೊದಲ ಚಿತ್ರದ ನಕ್ಷೆಯನ್ನೇ ಎದುರಿಗಿಟ್ಟು ಬರೆದ ಕಥೆ ಅದು. ‘ನಿಜವಾದ ಸೆಟ್, ನಿಜವಾದ ಬೊಂಬೆ’ ಎಂದು ಪ್ರಚಾರ ಮಾಡಿದ ಆ ಚಿತ್ರದಲ್ಲೂ ಎರಡು ಸಾವಿರಕ್ಕೂ ಹೆಚ್ಚು ಶಾಟ್‌ಗಳಲ್ಲಿ ಗ್ರಾಫಿಕ್ಸ್ ಇದೆ ಎಂಬುದನ್ನೂ ಹೇಳಬೇಕು.

ನಿಜವಾದ ಕಾಳಗ ನಡೆದದ್ದು 2017ರ ‘ದ ಲಾಸ್ಟ್ ಜೆಡೈ’ ಮೇಲೆ. ಹಿಂದಿನ ಚಿತ್ರದ ಕೊನೆಯಲ್ಲಿ ರೇ ಐರ್ಲೆಂಡಿನ ಸ್ಕೆಲಿಗ್ ಮೈಕಲ್ ದ್ವೀಪದ ಕಲ್ಲು ಮೆಟ್ಟಿಲು ಹತ್ತಿ ಲ್ಯೂಕ್‌ಗೆ ಅವನ ತಂದೆಯ ಕತ್ತಿಯನ್ನು ಚಾಚಿದ್ದಳು. ಎರಡು ವರ್ಷ ಕಾದ ಮೇಲೆ ಲ್ಯೂಕ್ ಅದನ್ನು ತೆಗೆದುಕೊಂಡು ಹೆಗಲ ಮೇಲಿಂದ ಹಿಂದಕ್ಕೆ ಎಸೆದುಬಿಟ್ಟ. ಅರ್ಧ ಸಭಾಂಗಣ ಬೆಚ್ಚಿತು, ಇನ್ನರ್ಧ ನೊಂದಿತು. ನಿರ್ದೇಶಕ ರಿಯಾನ್ ಜಾನ್ಸನ್ ಕೇಳಿದ ಪ್ರಶ್ನೆ ನ್ಯಾಯವಾದದ್ದೇ: ವರ್ಷಗಟ್ಟಲೆ ಗೆಳೆಯರಿಗೆ ಮುಖ ತೋರಿಸದೆ ಅಡಗಿದವನು ಯಾವ ಮನಸ್ಥಿತಿಯಲ್ಲಿ ಇರಬೇಕು? ಲ್ಯೂಕ್ ಪಾತ್ರಧಾರಿ ಮಾರ್ಕ್ ಹ್ಯಾಮಿಲ್‌ಗೇ ಈ ಕಲ್ಪನೆ ಒಗ್ಗಿರಲಿಲ್ಲ, ಆದರೂ ಅವರ ಬದುಕಿನ ಶ್ರೇಷ್ಠ ಅಭಿನಯ ಇದರಲ್ಲೇ ಇದೆ. ಸೇನಾನಾಯಕಿಯೊಬ್ಬಳು ತನ್ನ ಹಡಗನ್ನು ಬೆಳಕಿನ ವೇಗದಲ್ಲಿ ಶತ್ರು ಪಡೆಯೊಳಗೆ ನುಗ್ಗಿಸುವಾಗ ಸದ್ದೆಲ್ಲ ನಿಂತು ಹೋಗುತ್ತದೆ. ಹಲವು ಸೆಕೆಂಡು ಪೂರ್ಣ ಮೌನ. ಸ್ಪೀಕರ್ ಕೆಟ್ಟಿದೆಯೆಂದು ಪ್ರೇಕ್ಷಕರು ದೂರು ಕೊಡುವುದನ್ನು ತಪ್ಪಿಸಲು ಅಮೆರಿಕದ ಕೆಲವು ಚಿತ್ರಮಂದಿರಗಳು ಇದು ಉದ್ದೇಶಪೂರ್ವಕ ಎಂಬ ಚೀಟಿ ಅಂಟಿಸಿದ್ದವು. ಅದು 1977ರ ಮೊದಲ ದೃಶ್ಯಕ್ಕೆ ಸರಿಸಾಟಿ. ಅದೇ ಚಿತ್ರದ ಜೂಜುಕಟ್ಟೆಯ ಪ್ರಸಂಗ ಮಾತ್ರ ಉದ್ದವಾಯಿತು, ಬೊಯೇಗಾ ಮಾಡಿದ ಫಿನ್ ಪಾತ್ರ ಅಲ್ಲಿ ಸೊರಗಿತು.

ವಿಮರ್ಶಕರು ಮೆಚ್ಚಿದ ಈ ಚಿತ್ರಕ್ಕೆ ಅಂತರ್ಜಾಲದಲ್ಲಿ ಪ್ರೇಕ್ಷಕರ ಅಂಕ ಅದರ ಅರ್ಧದಷ್ಟೂ ಬರಲಿಲ್ಲ. ಚಿತ್ರಮಂದಿರದಿಂದ ಹೊರಬರುವವರನ್ನೇ ಕೇಳಿ ಸಿನಿಮಾಸ್ಕೋರ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಎ ದರ್ಜೆ ಸಿಕ್ಕಿತ್ತು. ಅಧಿಕೃತ ಕಥೆಯಿಂದ ಇದನ್ನು ತೆಗೆದುಹಾಕಿ ಎಂಬ ಮನವಿಗೆ ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ರೋಸ್ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್ ಜನಾಂಗ ನಿಂದನೆಗೆ ಬೇಸತ್ತು 2018ರಲ್ಲಿ ತಮ್ಮ ಇನ್‌ಸ್ಟಾಗ್ರಾಂ ಬರಹಗಳನ್ನೆಲ್ಲ ಅಳಿಸಿದರು. ಅದೇ ವರ್ಷ ಹೊರಬಂದ ಅಧ್ಯಯನವೊಂದು, ನಿರ್ದೇಶಕನಿಗೆ ಬಂದ ಸುಮಾರು ಸಾವಿರ ಟ್ವೀಟ್‌ಗಳನ್ನು ನೋಡಿ, ಅವುಗಳಲ್ಲಿ ನಕಾರಾತ್ಮಕವಾದವು ಕಾಲುಭಾಗದೊಳಗೇ ಇವೆ ಎಂದಿತು. ಆ ನಕಾರಾತ್ಮಕ ಖಾತೆಗಳಲ್ಲೂ ಅರ್ಧದಷ್ಟು ರಾಜಕೀಯ ಉದ್ದೇಶದವು ಅಥವಾ ಯಂತ್ರಚಾಲಿತ ಎಂದು ಅದರ ತೀರ್ಮಾನ. ಸಾವಿರ ಟ್ವೀಟ್ ಸಣ್ಣ ಮಾದರಿ. ಹಾಗೆಂದು ಚಿತ್ರ ಇಷ್ಟವಾಗದ ಎಲ್ಲರನ್ನೂ ದ್ವೇಷಿಗಳೆಂದು ಕರೆಯುವುದು ಅನ್ಯಾಯ. ಲ್ಯೂಕ್‌ನನ್ನು ಪ್ರೀತಿಸಿದವರ ನೋವು ನಿಜವಾದದ್ದು. ಆ ನೋವಿನ ಗುಂಪಿನೊಳಗೆ ಬೇರೆ ಉದ್ದೇಶದವರು ಸೇರಿಕೊಂಡದ್ದೂ ನಿಜ.

2019ರ ‘ದ ರೈಸ್ ಆಫ್ ಸ್ಕೈವಾಕರ್’ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಾಗುತ್ತಿಲ್ಲ. ಹಿಂದಿನ ಚಿತ್ರದಲ್ಲಿ ರೇಗೆ ಹೆಸರಾಂತ ಮನೆತನವಿಲ್ಲ, ಯಾರ ಮಗಳಾದರೂ ವೀರಳಾಗಬಹುದು ಎಂದಿತ್ತು. ಇಲ್ಲಿ ಅವಳು ಪಾಲ್ಪಟೀನ್‌ನ ಮೊಮ್ಮಗಳಾದಳು. ಸತ್ತಿದ್ದ ಪಾಲ್ಪಟೀನ್ ಕಾರಣ ಹೇಳದೆ ಎದ್ದುಬಂದ. ರೋಸ್‌ಳನ್ನು ಎರಡೂಕಾಲು ಗಂಟೆಗೂ ಮೀರಿದ ಚಿತ್ರದಲ್ಲಿ ಒಂದೂವರೆ ನಿಮಿಷವೂ ತೋರಿಸಲಿಲ್ಲ. ಕೂಗಾಡಿದವರನ್ನು ಸಮಾಧಾನ ಮಾಡಲು ಹೊರಟ ಚಿತ್ರ ಯಾರನ್ನೂ ಸಮಾಧಾನ ಮಾಡಲಿಲ್ಲ. ಕಪ್ಪು ನಟನಾದ ತನ್ನ ಪಾತ್ರವನ್ನು ಮುಂದೆ ತಂದು ಆಮೇಲೆ ಬದಿಗೆ ಸರಿಸಿದರೆಂದು ಬೊಯೇಗಾ 2020ರಲ್ಲಿ ಬಹಿರಂಗವಾಗಿ ಹೇಳಿದ್ದು ಅರ್ಥವಾಗುವಂಥದ್ದು.

ಹೊಸ ತ್ರಿವಳಿಗೆ ಮುಂಚಿತ ಯೋಜನೆಯೇ ಇರಲಿಲ್ಲ, ಲ್ಯೂಕಸ್‌ಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಹಳೆಯ ಅಭಿಮಾನಿಗಳು ಹೇಳುವುದುಂಟು. ಮೊದಲ ಅರ್ಧ ಸರಿ, ಎರಡನೆಯದು ತಪ್ಪು. ಬ್ರ್ಯಾಕೆಟ್ ಬರೆದ ಕರಡಿನಲ್ಲಿ ಲ್ಯೂಕ್‌ನ ತಂದೆ ವೇಡರ್ ಅಲ್ಲ, ಬೇರೆಯೇ ಆತ್ಮವಾಗಿ ಬಂದು ಮಗನನ್ನು ಕಾಣುತ್ತಾನೆ. ತಂದೆಯೇ ವೇಡರ್ ಎಂಬ ತಿರುವು ಆಮೇಲೆ ಹುಟ್ಟಿದ್ದು. ಅದನ್ನು ಎಷ್ಟು ಗುಟ್ಟಾಗಿಟ್ಟರೆಂದರೆ ವೇಡರ್ ವೇಷದೊಳಗಿದ್ದ ಡೇವಿಡ್ ಪ್ರೌಸ್‌ಗೆ ಚಿತ್ರೀಕರಣದಲ್ಲಿ ಬೇರೆಯೇ ಮಾತು ಕೊಟ್ಟಿದ್ದರು. ಲಿಯಾ ತಂಗಿಯೆಂಬುದು ಇನ್ನೂ ತಡವಾಗಿ ಬಂದ ಯೋಚನೆ. ಮೂಲ ತ್ರಿವಳಿಯನ್ನೂ ನಡೆಯುತ್ತ ನಡೆಯುತ್ತಲೇ ಕಟ್ಟಿದರು. ವ್ಯತ್ಯಾಸ ಇರುವುದು ಇಲ್ಲಿ: 1983ರ ಚಿತ್ರ 1980ರ ಚಿತ್ರದ ಅತಿ ಕಷ್ಟದ ತಿರುವನ್ನು ಒಪ್ಪಿಕೊಂಡು, ಅದರ ಭಾರ ಹೊತ್ತು, ಮಗ ತಂದೆಯನ್ನು ಕೊಲ್ಲದೆ ಗೆಲ್ಲುವ ಜಾಗಕ್ಕೆ ಒಯ್ದಿತು. 2019ರ ಚಿತ್ರ 2017ರ ಚಿತ್ರದಿಂದ ಓಡಿಹೋಯಿತು. ಹೊಸ ತ್ರಿವಳಿ ಸೋತದ್ದು ಧೈರ್ಯದಿಂದಲ್ಲ, ಧೈರ್ಯಕ್ಕೆ ಹೆದರಿದ್ದರಿಂದ.

ನೋಡುವ ಕ್ರಮವೂ ತೀರ್ಪನ್ನು ಬದಲಿಸುತ್ತದೆ. ಬಿಡುಗಡೆಯ ಕ್ರಮದಲ್ಲಿ ನೋಡಿದವರಿಗೆ ವೇಡರ್‌ನ ಗುಟ್ಟು ಸಿಡಿಲು, ಸಂಖ್ಯೆಯ ಕ್ರಮದಲ್ಲಿ (ಪ್ರೀಕ್ವೆಲ್‌ಗಳು ಒಂದರಿಂದ ಮೂರು, ಮೂಲ ತ್ರಿವಳಿ ನಾಲ್ಕರಿಂದ ಆರು) ನೋಡಿದವರಿಗೆ ದುರಂತ. ‘ಮಚೆಟಿ ಆರ್ಡರ್’ ಎಂಬ ಮೂರನೇ ಕ್ರಮವೂ ಬಳಕೆಯಲ್ಲಿದೆ: ನಾಲ್ಕು, ಐದು, ಆಮೇಲೆ ಎರಡು, ಮೂರು, ಕೊನೆಗೆ ಆರು. ಗುಟ್ಟು ಗುಟ್ಟಾಗಿಯೇ ಉಳಿದು, ತಂದೆಯ ಪತನ ಹಿನ್ನೋಟವಾಗಿ ಬಂದು, ಮಗನ ಆಯ್ಕೆಗೆ ತೂಕ ಕೊಡುತ್ತದೆ. ಮೊದಲ ಸಲ ನೋಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಇನ್ನು ವಯಸ್ಸಿನ ಮಾತು. ಹತ್ತನೇ ವಯಸ್ಸಿನಲ್ಲಿ ಕಂಡದ್ದೇ ಶ್ರೇಷ್ಠವೆಂದು ಎಲ್ಲರಿಗೂ ಅನ್ನಿಸುತ್ತದೆ, ಆದ್ದರಿಂದ ಹೋಲಿಕೆಯೇ ವ್ಯರ್ಥ ಎಂದು ಕೆಲವರು ಕೈಚೆಲ್ಲುತ್ತಾರೆ. ನಾನು ಹಾಗೆ ಬಿಡಲಾರೆ. ವಯಸ್ಸು ಪ್ರೀತಿಯನ್ನು ವಿವರಿಸುತ್ತದೆ, ಗುಣವನ್ನಲ್ಲ. ‘ಆಂಡರ್’ ಸರಣಿಯನ್ನು ಯಾರೂ ಬಾಲ್ಯದಲ್ಲಿ ನೋಡಿಲ್ಲ. 2022 ಮತ್ತು 2025ರಲ್ಲಿ ಬಂದ ಆ ಸರಣಿಯಲ್ಲಿ ಟೋನಿ ಗಿಲ್‌ರಾಯ್ ಲೈಟ್‌ಸೇಬರ್ ಒಂದನ್ನೂ ಬಳಸದೆ, ಜೈಲು, ಕಚೇರಿ, ಶವಯಾತ್ರೆಗಳ ಮೂಲಕ ಸಾಮಾನ್ಯರು ದಂಗೆಕೋರರಾಗುವುದನ್ನು ತೋರಿಸಿದ. ಮೂರೂ ತಲೆಮಾರಿನ ಅಭಿಮಾನಿಗಳು ಒಂದೇ ದನಿಯಲ್ಲಿ ಮೆಚ್ಚಿದ ಅಪರೂಪದ ಕೃತಿ ಅದು. ಹಳತು ಹೊಸತು ಎಂಬ ಗೆರೆ ಅಲ್ಲಿ ಅಳಿಸಿಹೋಯಿತು.

ನನ್ನ ತೀರ್ಪು ಕೇಳಿದರೆ: ‘ಎಂಪೈರ್’ ಈಗಲೂ ಎಲ್ಲಕ್ಕಿಂತ ಮೇಲೆ, 1977ರ ಚಿತ್ರ ಅದರ ಮಗ್ಗುಲಲ್ಲಿ, ಅವೆರಡರ ನಂತರ ‘ದ ಲಾಸ್ಟ್ ಜೆಡೈ’. ಪ್ರೀಕ್ವೆಲ್‌ಗಳಲ್ಲಿ ಕೊನೆಯದನ್ನು ಮತ್ತೆ ನೋಡಿ, ಅದರ ರಾಜಕೀಯಕ್ಕಾಗಿ ನೋಡಿ. ‘ಜೆಡೈ’ ಚಿತ್ರದ ಇವಾಕ್‌ಗಳನ್ನು ಕ್ಷಮಿಸುವವರು ಜಾರ್ ಜಾರ್‌ನನ್ನೂ ಕ್ಷಮಿಸಬೇಕು.

ಆದರೆ ಈ ತೀರ್ಪು ಯಾರದ್ದೇ ಆಗಲಿ, ಹೋಲಿಕೆಗೆ ಇಡುವ ಮೂಲ ಪ್ರತಿ ಎದುರಿಗಿರಬೇಕು. 2025ರ ಜೂನ್‌ನಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತನ್ನಲ್ಲಿ ಕಾಪಿಟ್ಟಿದ್ದ 1977ರ ಟೆಕ್ನಿಕಲರ್ ರೀಲನ್ನು ತಿದ್ದುಪಡಿಗಳಿಲ್ಲದೆ ಪ್ರದರ್ಶಿಸಿತು. ಐವತ್ತನೇ ವರ್ಷದ ನೆಪದಲ್ಲಿ ಮೊದಲ ಚಿತ್ರದ ಮೂಲ ರೂಪವನ್ನು ದುರಸ್ತಿ ಮಾಡಿ 2027ರಲ್ಲಿ ಚಿತ್ರಮಂದಿರಗಳಿಗೆ ತರುವುದಾಗಿ ಲ್ಯೂಕಸ್‌ಫಿಲ್ಮ್ ಹೇಳಿದೆ. ಅಷ್ಟಕ್ಕೇ ನಿಲ್ಲಬಾರದು. 1980 ಮತ್ತು 1983ರ ಚಿತ್ರಗಳೂ ಹಾಗೆಯೇ ಬರಲಿ, ತಿದ್ದಿದ ಪ್ರತಿಗಳ ಪಕ್ಕದಲ್ಲೇ ಮನೆಯಲ್ಲಿ ನೋಡಲು ಸಿಗಲಿ. ಬೆಂಗಳೂರಿನ ಪರದೆಗಳಿಗೆ ಆ ಚಿತ್ರ ಬಂದರೆ, ಹೊಸ ಸ್ಟಾರ್ ವಾರ್ಸ್ ಮಾತ್ರ ಬಲ್ಲ ನಿಮ್ಮ ಮನೆಯ ಮಕ್ಕಳನ್ನು ಕರೆದುಕೊಂಡು ಹೋಗಿ. ನೋಡಿ ಬಂದ ಮೇಲೆ ಯಾವುದು ಮೇಲು ಎಂದು ಅವರನ್ನೇ ಕೇಳಿ.